ನೆರೆಯವರ ದೇವರು, ನಮ್ಮ ನಾಲಿಗೆ

ಈ ತಿಂಗಳು ನಮಗೆ ಬಂದ ಓಲೆಗಳಲ್ಲಿ ಒಂದು ನಮ್ಮ ಮನಸ್ಸನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಬರೆದವರು ಸಿಂಧನೂರಿನ ಕಡೆಯ ಒಬ್ಬ ಸೋದರಿ. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳಬೇಕಾದ ಅವಶ್ಯಕತೆಯಿಲ್ಲ. ಆದರೆ ಅವರು ಕೇಳಿರುವ ಪ್ರಶ್ನೆಯು ಅವರೊಬ್ಬರ ಮನೆಯದೇ ಅಲ್ಲವಾದುದರಿಂದ, ಅವರ ಒಪ್ಪಿಗೆಯನ್ನು ಪಡೆದು, ಉತ್ತರವನ್ನು ಎಲ್ಲ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಸಂಗತಿ ಇಷ್ಟು. ಈ ಸೋದರಿಯ ಮಗನು ಏಳನೆಯ ತರಗತಿಯಲ್ಲಿ ಓದುವ ಹುಡುಗ. ಅವನ ಜೊತೆಗಾರನೊಬ್ಬನು ಆರ್.ಎಚ್. ಕ್ಯಾಂಪಿನವನು. ಕಳೆದ ನವರಾತ್ರಿಯಲ್ಲಿ ಆ ಜೊತೆಗಾರನು ಇವನನ್ನು ತಮ್ಮಲ್ಲಿಯ ದುರ್ಗಾಪೂಜೆಗೆ ಕರೆದೊಯ್ದನು. ಹತ್ತು ಕೈಗಳ ದೇವಿಯನ್ನೂ, ಅವಳ ಅಕ್ಕಪಕ್ಕದಲ್ಲಿ ನಿಂತ ಲಕ್ಷ್ಮೀ ಸರಸ್ವತಿಯರನ್ನೂ, ಗಣಪತಿ ಕಾರ್ತಿಕೇಯರನ್ನೂ ಕಣ್ತುಂಬ ನೋಡಿ, ಕೈಯಲ್ಲಿ ತೆಂಗಿನ ತುರಿಯ ಎರಡು ಉಂಡೆಗಳನ್ನು ಹಿಡಿದುಕೊಂಡು ಹುಡುಗನು ಹಿಗ್ಗುತ್ತ ಮನೆಗೆ ಬಂದನು. ಅಜ್ಜಿಯು ವಿಚಾರಿಸಿದಳು. ಎಲ್ಲವನ್ನೂ ಕೇಳಿದ ಮೇಲೆ, “ಮೀನು ತಿನ್ನೋರ ದೇವರ ಪ್ರಸಾದ ನಮಗ ಯಾಕ ಬೇಕು?” ಎಂದು ಆ ಉಂಡೆಗಳನ್ನು ತೆಗೆದುಕೊಂಡು ಹೋಗಿ ದನದ ಗೋದಲಿಗೆ ಹಾಕಿದಳು. ಅಲ್ಲಿಗೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಮರುದಿನ ಹುಡುಗನು ಅದೇ ಮಾತನ್ನು ಶಾಲೆಯಲ್ಲಿ ಜೊತೆಗಾರನ ಮುಖದ ಮೇಲೆ ಆಡಿದನು. ಅಷ್ಟಕ್ಕೇ ನಿಲ್ಲದೆ, ಆ ಹುಡುಗನ ತಾಯಿಯು ತಡೆತಡೆದು ಆಡುವ ಕನ್ನಡವನ್ನು ಅಣಕಿಸಿ ತೋರಿಸಿದನು. ಸುತ್ತಲಿದ್ದವರು ನಕ್ಕರು. ಅಂದಿನಿಂದ ಆ ಹುಡುಗನು ಇವನ ಪಕ್ಕದಲ್ಲಿ ಕುಳಿತುಕೊಳ್ಳುವುದಿಲ್ಲ. ಈಗ ತಮ್ಮ ಮಗನೇ ಊಟವನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದಾನೆಂದು ಸೋದರಿ ಬರೆದಿರುವರು. “ಅತ್ತೆಯವರಿಗೆ ಎದುರಾಡಲಾರೆ, ಮಗನನ್ನು ಹೊಡೆಯಲಾರೆ. ನಾನು ಏನು ಮಾಡಬೇಕು?” ಎಂಬುದು ಅವರ ಪ್ರಶ್ನೆ.

ಆ ಪ್ರಾಂತವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. 1947ರಲ್ಲಿ ದೇಶವು ಇಬ್ಭಾಗವಾದಾಗ ಬಂಗಾಳದ ಪೂರ್ವಭಾಗವು ಪಾಕಿಸ್ತಾನಕ್ಕೆ ಸೇರಿತು. ಅಲ್ಲಿ ನೆಲೆ ತಪ್ಪಿದ ಹಿಂದೂ ಕುಟುಂಬಗಳು ಮುಂದಿನ ದಶಕಗಳಲ್ಲಿ ಅಲೆ ಅಲೆಯಾಗಿ ಇತ್ತ ಬಂದುವು. ಹಾಗೆ ಬಂದವರಲ್ಲಿ ಕೆಲವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಾದ ಸಿಂಧನೂರು ತಾಲ್ಲೂಕಿನಲ್ಲಿ ನೆಲವನ್ನು ಕೊಟ್ಟು ಪುನರ್ವಸತಿ ಶಿಬಿರಗಳನ್ನು ಕಟ್ಟಲಾಯಿತು. ಒಂದು, ಎರಡು ಎಂದು ಸಂಖ್ಯೆಯಿಂದ ಗುರುತಿಸುವ ಆರ್.ಎಚ್. ಕ್ಯಾಂಪುಗಳೆಂದರೆ ಇವೇ. ಬಂದವರ ಮೊಮ್ಮಕ್ಕಳು ಇಂದು ಅಲ್ಲಿ ಕನ್ನಡ ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ಬಂಗಾಳಿಯನ್ನಾಡುತ್ತಾರೆ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ; ಆದರೂ ಜನರ ಬಾಯಲ್ಲಿ ಅವರು ಇನ್ನೂ “ಕ್ಯಾಂಪಿನವರು”. ಬಿಡಾರವು ಊರಾಗಿ ಅರ್ಧ ಶತಮಾನ ಕಳೆದರೂ ಹೆಸರು ಮಾತ್ರ ಬಿಡಾರದ್ದೇ ಆಗಿ ಉಳಿದಿದೆ. ಒಂದು ಮಾತು ಮನುಷ್ಯನಿಗೆ ಹೇಗೆ ಅಂಟಿಕೊಳ್ಳುವುದೆಂಬುದನ್ನು ಇದರಿಂದಲೇ ಊಹಿಸಬಹುದು. ಈ ತಿಂಗಳು ನಾವು ಹೇಳಬೇಕೆಂದಿರುವುದೂ ಮಾತಿನ ವಿಷಯವನ್ನೇ.

ಸಿಂಧನೂರಿನಿಂದ ಲಿಂಗಸುಗೂರಿನ ದಾರಿ ಹಿಡಿದರೆ ನಡುವೆ ಮಸ್ಕಿ ಸಿಕ್ಕುವುದು. ಅಲ್ಲಿಯ ಗುಡ್ಡದ ಒಂದು ಬಂಡೆಯ ಮೇಲೆ, ಇಂದಿಗೆ ಸುಮಾರು 2,280 ವರ್ಷಗಳ ಹಿಂದೆ ಕೊರೆದ ಬ್ರಾಹ್ಮೀ ಲಿಪಿಯ ಬರಹವಿದೆ. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರರು ಚಿನ್ನದ ಅದಿರನ್ನು ಅರಸುತ್ತ ತಿರುಗುವಾಗ ಇದನ್ನು ಕಂಡರು. ಅದುವರೆಗೆ ಉತ್ತರ ದಕ್ಷಿಣಗಳಲ್ಲಿ ದೊರೆತಿದ್ದ ಶಾಸನಗಳಲ್ಲೆಲ್ಲ ಅರಸನ ಹೆಸರು “ದೇವಾನಾಂಪ್ರಿಯ”, “ಪ್ರಿಯದರ್ಶಿ” ಎಂದು ಮಾತ್ರ ಇದ್ದಿತು. ಆತನೇ ಅಶೋಕನೆಂಬುದನ್ನು ಕಲ್ಲೇ ಬಾಯಿಬಿಟ್ಟು ಹೇಳಿದ್ದು ಮೊದಲು ಮಸ್ಕಿಯಲ್ಲಿ. ಆ ಶಾಸನದ ತಿರುಳು ಗೃಹಸ್ಥರಾದ ನಮಗೆಲ್ಲ ಸಮಾಧಾನ ಕೊಡತಕ್ಕದ್ದು: ಧರ್ಮದ ಫಲವು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಚಿಕ್ಕವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಹುದು ಎಂಬುದೇ ಅದರ ಸಾರ.

ನಮ್ಮ ಸೋದರಿಯ ಪ್ರಶ್ನೆಗೆ ನೇರವಾದ ಉತ್ತರವಿರುವುದು ಅದೇ ಅರಸನ ಇನ್ನೊಂದು ಶಾಸನದಲ್ಲಿ. ವಿದ್ವಾಂಸರು ಅದನ್ನು ಹನ್ನೆರಡನೆಯ ಬಂಡೆಶಾಸನವೆಂದು ಕರೆಯುವರು. ಅದರ ಒಂದು ಪ್ರತಿ ನಮ್ಮ ನಾಡಿನಲ್ಲಿಯೇ, ಕಲಬುರಗಿ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ ದೊರೆತಿರುವುದು. ಅದು ದೊರೆತ ಬಗೆಯೂ ವಿಚಿತ್ರ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಒಂದು ಕಾಳಿಯ ಗುಡಿ. 1980ರ ದಶಕದಲ್ಲಿ ಅದರ ಮಾಳಿಗೆಯು ಕುಸಿದುಬಿದ್ದಿತು. ದುರಸ್ತಿಗೆಂದು ನೋಡಿದರೆ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ! ವಿಗ್ರಹವನ್ನು ನೆಡಲು ಹಿಂದೆ ಯಾರೋ ನಡುವೆ ಕುಳಿ ತೋಡಿದ್ದರಿಂದ ಕೆಲವು ಅಕ್ಷರಗಳು ಹೋಗಿದ್ದುವು; ಮಿಕ್ಕವು ದೇವಿಯ ಅಡಿಯಲ್ಲಿ ಜೋಪಾನವಾಗಿ ಉಳಿದಿದ್ದುವು.

ಆ ಶಾಸನದಲ್ಲಿ ಅರಸನು ಹೇಳುವುದೇನು? ತಾನು ಎಲ್ಲ ಪಂಥಗಳವರನ್ನೂ, ಅವರಲ್ಲಿ ಸಂನ್ಯಾಸಿಗಳನ್ನೂ ಗೃಹಸ್ಥರನ್ನೂ, ದಾನದಿಂದ ಗೌರವಿಸುತ್ತೇನೆನ್ನುವನು. ಆದರೆ ದಾನಕ್ಕಿಂತಲೂ ಮುಖ್ಯವಾದುದು ಎಲ್ಲ ಪಂಥಗಳಲ್ಲಿಯೂ ಸಾರವು ಬೆಳೆಯುವುದು. ಸಾರವು ಬೆಳೆಯಲು ಬಗೆಗಳು ಹಲವು. ಅವೆಲ್ಲಕ್ಕೂ ಬೇರು ಯಾವುದೆಂದರೆ ಮಾತಿನ ಕಾಪು. ಇದನ್ನು ಶಾಸನವು “ವಚಗುತಿ” ಎಂದು ಕರೆದಿದೆ. ವಚೋಗುಪ್ತಿ ಎಂದು ನಾವು ಹೇಳಬಹುದು. ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳಬಾರದು, ಪರರದನ್ನು ತೆಗಳಬಾರದು. ಕಾರಣವಿದ್ದರೂ ಮಾತು ಹಗುರವಾಗಿರಬೇಕು. ತನ್ನ ಪಂಥದ ಮೇಲಣ ಭಕ್ತಿಯಿಂದಲೇ ಆಗಲಿ, ಅದನ್ನು ಬೆಳಗಿಸಬೇಕೆಂದು ಯಾವನು ಪರಪಂಥವನ್ನು ಹಳಿಯುವನೋ ಅವನು ತನ್ನ ಪಂಥಕ್ಕೇ ಹೆಚ್ಚಿನ ಗಾಯವನ್ನು ಮಾಡುವನು. ಆದುದರಿಂದ ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು, ಎಲ್ಲರೂ ಬಹುಶ್ರುತರಾಗಬೇಕು. ಈ ಕೆಲಸಕ್ಕೆಂದು ಅರಸನು ಅಧಿಕಾರಿಗಳನ್ನು ನೇಮಿಸಿದ್ದನು. ಅವರಲ್ಲಿ ಸ್ತ್ರೀಯರ ವಿಷಯವನ್ನು ನೋಡಿಕೊಳ್ಳುವ ಮಹಾಮಾತ್ರರೂ ಇದ್ದರು. ಇಂಥ ವಿಚಾರವು ಹೆಣ್ಣುಮಕ್ಕಳು ಆಳುವ ಅಡಿಗೆಮನೆಯನ್ನೂ ಮುಟ್ಟದೆ ನೆಲೆಗೊಳ್ಳದೆಂಬುದು ಆ ಅರಸನಿಗೆ ಗೊತ್ತಿದ್ದಿರಬೇಕೆಂದು ನಮಗೆ ತೋರುವುದು.

ಇದೇ ಶಾಸನದ ಮತ್ತೊಂದು ಪ್ರತಿಯ ಭಾಗವು ಬಹು ದೂರದಲ್ಲಿ, ಆಫ್ಘಾನಿಸ್ತಾನದ ಕಂದಾಹಾರದಲ್ಲಿ, 1963ರಲ್ಲಿ ದೊರೆಯಿತು. ಅದು ಬ್ರಾಹ್ಮಿಯಲ್ಲಿಯೂ ಇಲ್ಲ, ಪ್ರಾಕೃತದಲ್ಲಿಯೂ ಇಲ್ಲ. ಅಚ್ಚ ಗ್ರೀಕ್ ಭಾಷೆಯಲ್ಲಿದೆ. ಅಲೆಗ್ಜಾಂಡರನ ದಂಡಯಾತ್ರೆಯ ತರುವಾಯ ಆ ಸೀಮೆಯಲ್ಲಿ ಗ್ರೀಕರು, ಎಂದರೆ ಯವನರು, ನೆಲೆಸಿದ್ದರು. ಊರನ್ನು ಬಿಟ್ಟು ಬಂದು ಪರನಾಡಿನಲ್ಲಿ ಮನೆಮಾಡಿದವರು ಅವರು. ಒಂದು ಬಗೆಯಲ್ಲಿ ಅವರೂ ಕ್ಯಾಂಪಿನವರೇ. ಅವರಿಗೆ ತನ್ನ ಮಾತು ತಿಳಿಯಲೆಂದು ಅರಸನು ಅವರ ನುಡಿಯಲ್ಲಿಯೇ ಬರೆಯಿಸಿದನು.

ಇದರ ಸ್ವಾರಸ್ಯವನ್ನು ತಿಳಿಯಬೇಕಾದರೆ ಗ್ರೀಕರ ಒಂದು ಅಭ್ಯಾಸವನ್ನು ತಿಳಿದಿರಬೇಕು. ತಮ್ಮ ಭಾಷೆಯನ್ನಾಡದ ಜನರನ್ನೆಲ್ಲ ಅವರು “ಬಾರ್ಬರೋಸ್” ಎನ್ನುತ್ತಿದ್ದರು. ಪರರ ಮಾತು ತಮ್ಮ ಕಿವಿಗೆ “ಬರ್ ಬರ್” ಎಂದು ಕೇಳಿಸಿತೆಂಬುದೇ ಆ ಹೆಸರಿಗೆ ಮೂಲ. ಸಾಕ್ರೆಟೀಸ್, ಪ್ಲೇಟೋ, ಅರಿಸ್ಟಾಟಲರನ್ನು ಹೆತ್ತ ಜನವೂ ನೆರೆಯವರ ಮಾತನ್ನು ಅಣಕಿಸುವ ಹುಡುಗುತನದಿಂದ ತಪ್ಪಿಸಿಕೊಳ್ಳಲಿಲ್ಲ. ಇದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ನಮ್ಮ “ಮ್ಲೇಚ್ಛ” ಶಬ್ದದ ಮೂಲವೂ ಅಸ್ಪಷ್ಟವಾಗಿ ನುಡಿಯುವವನೆಂಬ ಅರ್ಥವೇ. ಗ್ರೀಕರ ಲೆಕ್ಕದಲ್ಲಿ ಬಾರ್ಬರೋಸನಾಗಿದ್ದ ಮಗಧದ ಅರಸನು ಅವರನ್ನು ಅಣಕಿಸಲಿಲ್ಲ. ಅವರ ತತ್ತ್ವಜ್ಞಾನಿಗಳಿಗೆ ಒಪ್ಪುವಂಥ ಗ್ರೀಕಿನಲ್ಲಿ ಅವರೊಡನೆ ಮಾತನಾಡಿದನು. ನಾಲಿಗೆಯನ್ನು ಹಿಡಿತದಲ್ಲಿಟ್ಟವರೇ ನಿಜವಾಗಿ ತಮ್ಮನ್ನು ತಾವು ಆಳಬಲ್ಲವರೆಂದು ಕಂದಾಹಾರದ ಕಲ್ಲು ಹೇಳುವುದು. ಮೂಲದಲ್ಲಿ “ಪರಪಂಥ” ಎಂದು ಇದ್ದೆಡೆಯಲ್ಲಿ ಗ್ರೀಕ್ ಪಾಠವು ಬಳಸಿರುವ ಮಾತಾದರೋ, “ಪಕ್ಕದವರು” ಎಂದು. ತಮ್ಮನ್ನು ಹೊಗಳಿಕೊಂಡು ಪಕ್ಕದವರನ್ನು ಹಳಿಯುವವರು ಎಂದು ಅದು ಓದುವುದು. ನಮ್ಮ ಸೋದರಿಯ ಮನೆಯ ಕಥೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಸಾಧ್ಯವೆ?

ಇಷ್ಟರಲ್ಲಿ ಪಂಥವೆಂದು ನಾವು ಬರೆಯುತ್ತ ಬಂದಿರುವ ಕಡೆಗಳಲ್ಲಿ ಅಶೋಕನ ಶಾಸನದಲ್ಲಿರುವ ಮೂಲಶಬ್ದ ಯಾವುದು ಬಲ್ಲಿರಾ? “ಪಾಸಂಡ”, ಎಂದರೆ ಪಾಷಂಡ. ಆತನ ಕಾಲದಲ್ಲಿ ಅದರಲ್ಲಿ ನಿಂದೆಯ ಸೋಂಕು ಲೇಶವೂ ಇರಲಿಲ್ಲ. ತನ್ನ ಪಾಷಂಡ, ಪರರ ಪಾಷಂಡ, ಎಲ್ಲ ಪಾಷಂಡಗಳು ಎಂದು ಗೌರವದಿಂದಲೇ ಆತನು ಹೇಳುವನು. ಗ್ರೀಕ್ ಪಾಠದಲ್ಲಿ ಇದಕ್ಕೆ ತತ್ತ್ವವಿಚಾರ ಮಾಡುವವರ ಗೋಷ್ಠಿಯೆಂಬ ಅರ್ಥದ ಶಬ್ದವನ್ನು ಹಾಕಿರುವರು. ಈಗ ನಿಮ್ಮ ಮನೆಯ ನಿಘಂಟನ್ನು ತೆರೆದು ನೋಡಿರಿ: ಪಾಷಂಡಿ ಎಂದರೆ ನಾಸ್ತಿಕ, ವೇದಬಾಹ್ಯ, ಕಪಟಿ! ಶಬ್ದವು ಅದೇ, ಅಕ್ಷರಗಳು ಅವೇ. ಒಬ್ಬರು ಇನ್ನೊಬ್ಬರನ್ನು ಹಳಿಯುವಾಗ ಬಳಸಿ ಬಳಸಿ, ತಲೆಮಾರುಗಳ ನಾಲಿಗೆಗಳ ಮೇಲೆ ಉರುಳಿ, ಒಂದು ಸಭ್ಯವಾದ ಮಾತು ಬೈಗುಳಾಗಿ ಪರಿಣಮಿಸಿತು. ವಚೋಗುಪ್ತಿಯನ್ನು ಬೋಧಿಸಿದ ಶಾಸನದ ಮುಖ್ಯ ಶಬ್ದಕ್ಕೇ ಈ ಗತಿ ಬಂದಿತೆಂದ ಮೇಲೆ, ಆ ಬೋಧನೆಯ ಅವಶ್ಯಕತೆ ಎಷ್ಟೆಂದು ಬೇರೆ ಹೇಳಬೇಕಾದುದಿಲ್ಲ.

ಪಶ್ಚಿಮದಲ್ಲಿಯೂ ಹೀಗೆಯೇ ಆಯಿತು. ಗ್ರೀಕಿನಲ್ಲಿ “ಹೈರೆಸಿಸ್” ಎಂಬ ಮಾತಿಗೆ ಆಯ್ಕೆ ಎಂದು ಅರ್ಥ. ಒಬ್ಬನು ತನಗೆ ಸರಿತೋರಿದುದೆಂದು ಆರಿಸಿಕೊಂಡ ವಿಚಾರಪಂಥಕ್ಕೆ ಆ ಹೆಸರು. ಅದೇ ಮಾತು ಚರ್ಚಿನವರ ಬಾಯಲ್ಲಿ ಮತದ್ರೋಹವೆಂಬ ಅಪರಾಧವಾಯಿತು. ಲ್ಯಾಟಿನ್ನಿನಲ್ಲಿ “ಪಗಾನುಸ್” ಎಂದರೆ ಹಳ್ಳಿಗ. ರೋಮಿನಲ್ಲಿ ಕ್ರೈಸ್ತಮತವು ಪ್ರಬಲವಾದ ಬಳಿಕ ಹಳೆಯ ದೇವರುಗಳನ್ನು ಬಿಡದವನಿಗೆಲ್ಲ ಆ ಹೆಸರು ಹೊಂದಿಕೊಂಡಿತು.

ಮಾತು ಕೆಟ್ಟ ಮೇಲೆ ಕೈ ಕೆಡುವುದಕ್ಕೆ ಬಹಳ ಕಾಲ ಹಿಡಿಯುವುದಿಲ್ಲ. ಮೊದಲು ರೋಮಿನವರು ಕ್ರೈಸ್ತರನ್ನು ನಾಸ್ತಿಕರೆಂದು ಹಳಿದರು. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಅವರ ಪ್ರಾರ್ಥನಾಮಂದಿರಗಳನ್ನು ಕೆಡವಿಸಿ ಗ್ರಂಥಗಳನ್ನು ಸುಡಿಸಿದನು. 313ರಲ್ಲಿ ಕಾನ್‌ಸ್ಟಂಟೈನ್, ಲಿಸಿನಿಯಸರು ಯಾರಾದರೂ ತಮಗೆ ಒಪ್ಪಿದ ದೇವರನ್ನು ಪೂಜಿಸಬಹುದೆಂದು ಸಾರಿದರು. ಆ ಸಾರಿಕೆಗೆ 80 ವರ್ಷ ತುಂಬುವ ಮೊದಲೇ, 392ರಲ್ಲಿ, ಥಿಯೊಡೋಸಿಯಸ್ ಚಕ್ರವರ್ತಿಯ ಆಜ್ಞೆ ಹೊರಟಿತು: ಮನೆಯೊಳಗೆ ಗುಟ್ಟಾಗಿಯೂ ಯಾರೂ ಮನೆದೇವರಿಗೆ ದೀಪ ಹಚ್ಚಬಾರದು, ಧೂಪ ಹಾಕಬಾರದು, ಮಾಲೆ ಕಟ್ಟಬಾರದು! ರೋಮಿನ ಮನೆಮನೆಯಲ್ಲಿಯೂ ಒಲೆಯ ಬಳಿ “ಲಾರೆಸ್”, “ಪೆನಾಟೆಸ್” ಎಂಬ ದೇವತೆಗಳಿಗೆ ಗೃಹಸ್ಥರು ಎಡೆಯಿಡುತ್ತಿದ್ದರು. ತನ್ನ ಅಡಿಗೆಮನೆಯಲ್ಲಿ ಹಣತೆ ಹಚ್ಚುವುದು ರಾಜದಂಡಕ್ಕೆ ಗುರಿಯಾಗುವ ತಪ್ಪೆಂದು ಕೇಳಿದ ಆ ಮುದುಕಿಯರ ಮನಸ್ಸು ಹೇಗಾಗಿದ್ದೀತೆಂಬುದನ್ನು ನಮ್ಮ ಅಜ್ಜಿಯರು ಊಹಿಸಬಲ್ಲರು. ಹಿಂದೆ ಪೆಟ್ಟು ತಿಂದವರೇ ಮೇಲೆ ಬಂದಾಗ ಪೆಟ್ಟು ಕೊಟ್ಟರು.

ಮಧ್ಯಯುಗದ ಯೂರೋಪಿನಲ್ಲಿ ಇದು ಇನ್ನೂ ಬೆಳೆಯಿತು. 1022ರಲ್ಲಿ ಫ್ರಾನ್ಸಿನ ಒರ್ಲಿಯನ್ಸಿನಲ್ಲಿ ಮತದ್ರೋಹಿಗಳೆಂದು ಕೆಲವರನ್ನು ಜೀವಸಹಿತ ಸುಟ್ಟರು. 1215ರಲ್ಲಿ ರೋಮಿನಲ್ಲಿ ಸೇರಿದ ಧರ್ಮಸಭೆಯು ಯಹೂದ್ಯರೂ ಮುಸಲ್ಮಾನರೂ ಗುರುತು ಸಿಕ್ಕುವಂಥ ಬೇರೆ ಉಡುಪನ್ನು ತೊಡತಕ್ಕದ್ದೆಂದು ವಿಧಿಸಿತು. ಗುರುತು ಹಚ್ಚಿದ ಮೇಲೆ ಹೊರಗಟ್ಟುವುದು ಸುಲಭವಷ್ಟೆ. ಇಂಗ್ಲೆಂಡಿನಿಂದ 1290ರಲ್ಲಿ, ಫ್ರಾನ್ಸಿನಿಂದ 1306ರಲ್ಲಿ, ಸ್ಪೇನಿನಿಂದ 1492ರಲ್ಲಿ ಯಹೂದ್ಯರು ಮನೆಮಾರು ಬಿಟ್ಟು ಹೊರಟರು. ಇದನ್ನು ಹೇಳುವುದು ಯಾವ ಒಂದು ಮತವನ್ನೂ ಹಳಿಯುವುದಕ್ಕಲ್ಲ. ಹಾಗೆ ಮಾಡಿದರೆ ಶಾಸನದ ಮಾತನ್ನು ನಾವೇ ಮೀರಿದಂತಾಗುವುದು. ಕೈಗೆ ಬಲ ಬಂದಾಗ ನಾಲಿಗೆಯನ್ನು ಹಿಡಿದುಕೊಳ್ಳುವುದು ಯಾವ ಮತದವರಿಗೂ ಸುಲಭವಾಗಿಲ್ಲ. ನಮ್ಮಲ್ಲಿಯೂ ಜಗಳಗಳಾದುವು, ಗುಡಿ ಬಸದಿಗಳು ಕೈಬದಲಾದುವು.

ಆದರೂ ನಮ್ಮ ನಾಡಿನ ಇನ್ನೊಂದು ಕಲ್ಲನ್ನು ನೆನೆಯದೆ ಇರಲಾರೆವು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ತಮಗೆ ಅನ್ಯಾಯವಾಯಿತೆಂದು ವಿಜಯನಗರದ ಬುಕ್ಕರಾಯನ ಬಳಿ ಮೊರೆಯಿಟ್ಟರು. ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪುಕೊಟ್ಟನು. ಪಂಚಮಹಾವಾದ್ಯವೂ ಕಲಶವೂ ಜೈನರಿಗೂ ಸಲ್ಲತಕ್ಕದ್ದೆಂದಾಯಿತು. ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣದಂತೆ ಕೊಡುವುದು; ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳ್ಗೊಳದ ದೇವರಿಗೆ 20 ಮಂದಿ ಕಾವಲಿನವರನ್ನಿಡುವುದು, ಉಳಿದುದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಯಿಸುವುದು ಎಂದೂ ಗೊತ್ತುಮಾಡಿದರು. ಜೈನರ ದೇವರ ಕಾವಲಿನ ಹೊಣೆ ವೈಷ್ಣವರದಾಯಿತು. ಇದೆಲ್ಲವೂ ಶ್ರವಣಬೆಳ್ಗೊಳದ ಶಾಸನದಲ್ಲಿ ಕನ್ನಡದಲ್ಲಿಯೇ ಇದೆ.

ಇನ್ನು ನಮ್ಮ ಸೋದರಿಯ ಮನೆಗೆ ಬರೋಣ. ಮೊದಲು ಅತ್ತೆಯವರ ಮಾತು. ಮೀನು ತಿನ್ನದಿರುವುದು ಅವರ ನೇಮ. ಅದನ್ನು ಅವರು ಬಿಡಬೇಕಾಗಿಲ್ಲ. ತಮ್ಮ ನಡೆಯನ್ನು ಬಿಟ್ಟುಕೊಡಿರೆಂದು ಶಾಸನವೂ ಹೇಳಲಿಲ್ಲ, ಪರರದನ್ನು ಹಳಿಯಬೇಡಿರೆಂದಷ್ಟೆ ಹೇಳಿತು. ಬೇಡವಾದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬದಿಗಿಡಬಹುದು, ಗೋದಲಿಗೆ ಹಾಕಬೇಕಾದುದಿಲ್ಲ. ಆದರೆ, ತಂಗೀ, ಇದನ್ನು ನೀವು ಅವರಿಗೆ ಪಾಠದಂತೆ ಹೇಳಲು ಹೋಗಬಾರದು. ಹಿರಿಯರನ್ನು ಮೊಮ್ಮಗನ ಮುಂದೆ ತಪ್ಪಿತಸ್ಥರನ್ನಾಗಿ ನಿಲ್ಲಿಸಿ ವಚೋಗುಪ್ತಿಯನ್ನು ಕಲಿಸುವುದೆಂದರೆ ಕೆಸರಿನಿಂದ ಕೆಸರನ್ನು ತೊಳೆದಂತೆ. ಅದರ ಬದಲು ಒಂದು ಸಂಜೆ ಅವರ ಬಳಿ ಕುಳಿತು, ಆ ಹುಡುಗನ ಮನೆಯವರು ಯಾವ ಸ್ಥಿತಿಯಲ್ಲಿ ಊರು ಬಿಟ್ಟು ಬಂದರೆಂಬುದನ್ನು ಹೇಳಿರಿ. ಬರುವಾಗ ಅವರು ಹೊಲವನ್ನು ತರಲಿಲ್ಲ, ಹೊಳೆಯನ್ನು ತರಲಿಲ್ಲ. ದೇವಿಯನ್ನು ಮಾತ್ರ ತಂದರು. ದೇವಿಯನ್ನು ಬಿಡದೆ ಬಂದವರೆಂದು ಕೇಳಿದರೆ ದೇವಿಗೆ ನಡೆದುಕೊಳ್ಳುವ ಯಾವ ಮುದುಕಿಯ ಮನಸ್ಸೂ ಕರಗದೆ ಇರದು. ಕೇಳುವುದೇ ಬಹುಶ್ರುತರಾಗುವ ಮೊದಲ ಮೆಟ್ಟಿಲು.

ಎರಡನೆಯದು ಮಗನ ವಿಷಯ. ಅಜ್ಜಿಯ ಮಾತನ್ನು ಅವನು ಕಲಿತನು, ನಿಜ. ಆದರೆ ಅಣಕವು ಅವನದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಸರಿ. ಆದರೂ ಆಡಿದವನು ಹೋಗಿ ಬಾಗಿಲಲ್ಲಿ ನಿಂತರೆ ಹೃದಯವುಳ್ಳವರು ಒಳಕ್ಕೆ ಕರೆಯದಿರರು. ಅವನನ್ನು ಹೊಡೆಯಬೇಡಿರಿ. ನೀವೇ ಜೊತೆಗೂಡಿ, ಒಂದು ಡಬ್ಬಿಯಲ್ಲಿ ಶೇಂಗಾದ ಹೋಳಿಗೆಗಳನ್ನು ಕಟ್ಟಿಕೊಂಡು, ಅವನನ್ನು ಆ ಮನೆಗೆ ಕರೆದುಕೊಂಡು ಹೋಗಿರಿ. ಅವನು ಅಣಕಿಸಿದ್ದು ಯಾರ ಮಾತನ್ನೋ ಆ ತಾಯಿಗೆ ಅವನೇ ತಪ್ಪಾಯಿತೆನ್ನಲಿ. ಆಮೇಲೆ ಅವರ ಭಾಷೆಯಲ್ಲಿ “ಅಮ್ಮ” ಎಂಬುದಕ್ಕೆ ಏನೆನ್ನುವರೆಂದು ಕೇಳಲಿ. “ಮಾ” ಎಂದು ಅವರು ಹೇಳುವರು. ಅಷ್ಟು ಕಲಿತು ಬಂದರೂ ಸಾಕು.

ಮೂರನೆಯದು, ರಜೆಯ ಒಂದು ದಿನ ಇಬ್ಬರು ಹುಡುಗರನ್ನೂ ಮಸ್ಕಿಯ ಗುಡ್ಡಕ್ಕೆ ಕರೆದೊಯ್ಯಿರಿ. ಅತ್ತೆಯವರೂ ಬಂದರೆ ಇನ್ನೂ ಲೇಸು. ಬಂಡೆಯ ಮೇಲಣ ಅಕ್ಷರಗಳನ್ನು ಇಬ್ಬರಲ್ಲಿ ಯಾರೂ ಓದಲಾರರು. ಕನ್ನಡ ಬಲ್ಲವನಿಗೂ ಬಂಗಾಳಿ ಬಲ್ಲವನಿಗೂ ಅವು ಸಮವಾಗಿ ಅಪರಿಚಿತ. ಆದರೆ ಆ ಎರಡು ಲಿಪಿಗಳೂ ಹುಟ್ಟಿದುದು ಅವುಗಳಿಂದಲೇ. ಇದನ್ನು ಅವರಿಗೆ ತಿಳಿಸಿರಿ. ತರುವಾಯ ಕೆಳಗಿಳಿದು ನೆರಳಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿರಿ. ಯಾರ ಬುತ್ತಿಯಲ್ಲಿ ಏನಿದೆಯೆಂದು ಆ ದಿನ ಯಾರೂ ಕೇಳದಿರಲಿ.

ಹೋಗಿ ಬಂದ ಮೇಲೆ ಏನಾಯಿತೆಂಬುದನ್ನು ನಮಗೆ ತಪ್ಪದೆ ಬರೆಯಿರಿ. ಆ ಹುಡುಗನು ಮತ್ತೆ ನಿಮ್ಮ ಮಗನ ಪಕ್ಕದಲ್ಲಿ ಕುಳಿತನೆಂಬ ಒಂದು ಸಾಲು ಬಂದರೂ ಈ ಪುಟವನ್ನು ಬರೆದುದು ಸಾರ್ಥಕವಾಯಿತೆಂದು ತಿಳಿದುಕೊಳ್ಳುವೆವು.